ಎರಡು ಬಾವಿಗೆ ಒಂದೇ ನೆನಪು

ಕಾಶಪ್ಪ ಸರ್ ಬಂದು ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಸಾವಿತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಗಲಕೋಟೆಯ ಪಾಲಿಟೆಕ್ನಿಕ್ಕಿನಲ್ಲಿ ಅವರು ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥರು. ಅವಳು ಅಲ್ಲಿಯೇ ಲ್ಯಾಬ್ ಕಲಿಸುವವಳು, ನಾಲ್ಕು ವರ್ಷವಾದರೂ ಇನ್ನೂ ಟೆಂಪರರಿ. ಬೆಳಿಗ್ಗೆ ಏಳಕ್ಕೆ ಅವರು ಮನೆಗೆ ಬಂದದ್ದು ಅದೇ ಮೊದಲು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಹೊಸ್ತಿಲಾಚೆ ನಿಂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

"ಪಂಪ್‌ಹೌಸಿನ್ಯಾಗ ಒಬ್ಬಾಂವ ಸತ್ತಾನ, ಸಾವಿತ್ರೆವ್ವ. ನಿನ್ನೆ ಹನ್ನೊಂದರ ಸುಮಾರಿಗೆ. ಬಾವ್ಯಾಗ ಇಳದಿದ್ದ, ಮೋಟರ್ ಚಾಲೂ ಆತು."

"ಯಾರ್ರಿ ಸರ್?"

"ಹನಮಪ್ಪ. ಜಾಳಗಿ ತೊಳ್ಯಾಂವ."

ಸಾವಿತ್ರೆವ್ವನಿಗೆ ಹನಮಪ್ಪ ಗೊತ್ತು. ಆ ಪಂಪ್‌ಹೌಸಿಗೆ ಮೋಟರಿನ ಪೆಟ್ಟಿಗೆ ಕೂಡಿಸಲು ಹೋದ ದಿನ ಅವಳಿಗೆ ಎಳೆ ಸವತೆಕಾಯಿ ತಂದುಕೊಟ್ಟು, "ಉಪ್ಪ ಹಚ್ಕೊಂಡು ತಿನ್ರಿ ಅಕ್ಕೋರ, ಬಿಸಲಾಗ ಬಂದೀರಿ" ಎಂದಿದ್ದ ಮನುಷ್ಯ.

"ಆಪರೇಟರ್ ಯಮನಪ್ಪನ್ನ ಹಿಡಕೊಂಡು ಹೋಗ್ಯಾರ. ಜನ ಓಡಿ ಬಂದಾಗ ಮೋಟರಿನ ಹಿಡಿಕಿ ಮ್ಯಾಲೆ ಅವನ ಕೈ ಇತ್ತಂತ. ನಮ್ಮ ಪೆಟಿಗಿ ಸರಿ ಐತಿ ಅಂತ ಹುನಗುಂದ ಠಾಣೇದ ಫೌಜದಾರ್ರು ಒಂದು ರಿಪೋರ್ಟ್ ಕೇಳ್ಯಾರ. ಎಂಟರ ಬಸ್ಸಿಗೆ ಹೋಗೂಣು."

"ಹನಮಪ್ಪ ಒಬ್ಬನ ಇಳದಿದ್ನೇನ್ರಿ?"

"ಇಲ್ಲ. ಅಕ್ಬರಸಾಬ ದೊಡ್ಡ ಬಾವ್ಯಾಗ, ಹನಮಪ್ಪ ಸಣ್ಣದ್ರಾಗ. ಅಕ್ಬರಸಾಬ ಮೊದಲ ಮ್ಯಾಲ ಬಂದ. ಉಳಕೊಂಡ."

ಸಾವಿತ್ರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಂಗೈಯ ಹಿಟ್ಟು ಕಟ್ಟಿಗೆಗೆ ಹತ್ತಿತು. ಒಳಗಿಂದ ಅತ್ತೆ ಸಿದ್ದವ್ವ ಕೂಗಿದಳು: "ಹಂಚಿನ ಮ್ಯಾಲಿನ ರೊಟ್ಟಿ ಇದ್ದಲಿ ಆತು ನೋಡವಾ. ಸಾಹೇಬರ ಜೋಡಿ ಮಾತಾಡು, ನಾವು ಮನ್ಯಾನ ಮಂದಿ ಇದ್ದಲೀನ ತಿಂತೇವಿ."

ಪೆಟ್ಟಿಗೆಯಲ್ಲಿ ಏನು ತಪ್ಪಿದೆ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಹುಡುಕುವ ಅಗತ್ಯವೇ ಇರಲಿಲ್ಲ. ಅದನ್ನು ಬರೆದ ಮಧ್ಯಾಹ್ನ, ನೋಟುಬುಕ್ಕಿನ ಆ ಪುಟ, ಪುಟದ ಮೇಲೆ ಬಿದ್ದ ಹಾಲಿನ ಹನಿ ಎಲ್ಲವೂ ಕಣ್ಣ ಮುಂದೆ ಬಂದವು.

ಹುನಗುಂದದಿಂದ ಆಚೆ, ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಊರಿನ ರೈತರು ಸೇರಿ ಕಟ್ಟಿಸಿದ ಪಂಪ್‌ಹೌಸು ಅದು. ಹೊಳೆಯ ನೀರು ಎರಡು ಬಾವಿಗೆ ಬರುತ್ತದೆ, ಅಲ್ಲಿಂದ ಮೋಟರು ಅದನ್ನು ಎತ್ತಿ ಮೇಲಿನ ಕಾಲುವೆಗೆ ಹಾಕುತ್ತದೆ. ನೀರು ಹೀರುವ ಕೊಳವೆಯ ಬಾಯಿಗೆ ಕಬ್ಬಿಣದ ಜಾಳಿಗೆ. ಹೊಳೆ ಕೆಂಪಾದ ದಿನಗಳಲ್ಲಿ ಆ ಜಾಳಿಗೆಗೆ ಕಸ, ಬೇರು, ಪಾಚಿ ಎಲ್ಲ ಬಂದು ಮೆತ್ತಿಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಒಬ್ಬ ಇಳಿದು, ಎದೆಮಟ್ಟದ ನೀರಿನಲ್ಲಿ ನಿಂತು, ಕೈಯಿಂದ ಅದನ್ನು ಬಿಡಿಸಬೇಕು. ಆಗ ಮೋಟರು ಹತ್ತಿದರೆ ನೀರಿನ ಸೆಳೆತ ಮನುಷ್ಯನನ್ನೇ ಜಾಳಿಗೆಗೆ ಎಳೆದು ಹಿಡಿಯುತ್ತದೆ.

ಪೆಟ್ಟಿಗೆ ಬರುವ ಮೊದಲು ಅಲ್ಲಿ ಒಂದು ಪದ್ಧತಿ ಇತ್ತು. ಬಾವಿಗೆ ಇಳಿಯುವವನು ತಲೆಯ ರುಮಾಲು ಬಿಚ್ಚಿ ಮೋಟರು ಹಾಕುವ ಹಿಡಿಕೆಗೆ ಸುತ್ತಿ ಇಳಿಯುತ್ತಿದ್ದ. ಅದು ಇರುವ ತನಕ ಯಾರೂ ಮೋಟರು ಹಾಕುವಂತಿಲ್ಲ. ಆ ರುಮಾಲನ್ನು ಅವನೇ ಬಂದು ಬಿಚ್ಚಬೇಕು. ಅವನ ಹೆಂಡತಿ ಬಿಚ್ಚುವಂತಿಲ್ಲ, ಊರಗೌಡ ಬಿಚ್ಚುವಂತಿಲ್ಲ. ಇಬ್ಬರು ಇಳಿದರೆ ಎರಡು ರುಮಾಲು. ಯಾರೂ ಹೇಳಿಕೊಟ್ಟದ್ದಲ್ಲ, ಬರೆದಿಟ್ಟದ್ದೂ ಅಲ್ಲ.

ಆದರೆ ಕರೆಂಟು ಹೊತ್ತು ಗೊತ್ತಿಲ್ಲದೆ ಬರುತ್ತಿತ್ತು. ಬಂದಾಗ ಆಪರೇಟರ್ ಯಮನಪ್ಪ ಹೊಲದಲ್ಲಿರುತ್ತಿದ್ದ, ಇಲ್ಲವೆ ಮಲಗಿರುತ್ತಿದ್ದ. ನೀರು ತಪ್ಪಿತೆಂದು ರೈತರು ಅವನ ಮೈಮೇಲೆ ಬರುತ್ತಿದ್ದರು. ಅದಕ್ಕೇ ಸಂಘದವರು ಪಾಲಿಟೆಕ್ನಿಕ್ಕಿಗೆ ಬಂದು, ಕರೆಂಟು ಬಂದ ಕೂಡಲೇ ತಾನಾಗಿ ಮೋಟರು ಹಾಕುವ ಪೆಟ್ಟಿಗೆಯೊಂದನ್ನು ಮಾಡಿಕೊಡಿ ಎಂದು ಕೇಳಿದರು. ಕಾಶಪ್ಪ ಸರ್ ಒಪ್ಪಿಕೊಂಡರು. ಪೆಟ್ಟಿಗೆಯ ಚಿಪ್ಪಿಗೆ ಪ್ರೋಗ್ರಾಮ್ ಬರೆದವಳು ಸಾವಿತ್ರೆವ್ವ.

ಮೊದಲ ವರ್ಷ, ಎಂದರೆ ಎಂಬತ್ತಾರರಲ್ಲಿ, ದೊಡ್ಡ ಬಾವಿಗಷ್ಟೇ ಪೆಟ್ಟಿಗೆ. ಬಾವಿಯ ಕಟ್ಟೆಯ ಮೇಲೆ ಎರಡು ಗುಂಡಿ. ಇಳಿಯುವಾಗ ಕೆಂಪು ಒತ್ತಬೇಕು, ಹತ್ತಿದ ಮೇಲೆ ಹಸಿರು. ಕೆಂಪು ಒತ್ತಿದರೆ ಚಿಪ್ಪಿನ ನೆನಪಿನ ಒಂದು ಖಾನೆಯಲ್ಲಿ ಒಂದು ಎಂದು ಬೀಳುತ್ತದೆ, ಹಸಿರು ಒತ್ತಿದರೆ ಸೊನ್ನೆ. ಆ ಖಾನೆಗೆ ಅವಳು ಇಟ್ಟ ಹೆಸರು 'ಒಳಗೆ'. ಅದು ಸೊನ್ನೆ ಇದ್ದರೆ ಮಾತ್ರ ಮೋಟರು. ಚೊಲೋ ನಡೆಯಿತು.

ಮರುವರ್ಷ ಸಣ್ಣ ಬಾವಿಗೂ ಬೇಕೆಂದರು. ಚಿಪ್ಪು ಒಂದೇ, ನೋಡಿಕೊಳ್ಳಬೇಕಾದದ್ದು ಎರಡು. ಅದು ಕಣ್ಣು ಮಿಟುಕಿಸುವುದರೊಳಗೆ ನೂರು ಸಲ ಆ ಬಾವಿಯಿಂದ ಈ ಬಾವಿಗೆ ಓಡಾಡುತ್ತದೆ. ಅದರ ಸ್ವಲ್ಪ, ಇದರ ಸ್ವಲ್ಪ. ನೋಡುವವರಿಗೆ ಎರಡೂ ಕೆಲಸ ಒಟ್ಟಿಗೇ ನಡೆದಂತೆ. ಹೀಗೆ ಒಂದರೊಳಗೊಂದು ಹೆಣೆದುಕೊಂಡು ನಡೆಯುವಾಗ, ಯಾವ ಖಾನೆ ಯಾವ ಕೆಲಸದ್ದು, ಯಾವುದು ಎರಡಕ್ಕೂ ಸೇರಿದ್ದು ಎಂಬುದನ್ನು ಬರೆಯುವವರು ಮೊದಲೇ ಗೊತ್ತು ಮಾಡಬೇಕು. ಇಲ್ಲದಿದ್ದರೆ ಒಂದು ಕೆಲಸ ಬರೆದಿಟ್ಟದ್ದನ್ನು ಇನ್ನೊಂದು ಅಳಿಸಿಬಿಡುತ್ತದೆ, ಅಳಿಸಿದೆನೆಂದು ಅದಕ್ಕೂ ತಿಳಿಯುವುದಿಲ್ಲ. ಇದನ್ನು ಅವಳೇ ಹುಡುಗರಿಗೆ ಕಲಿಸುತ್ತಿದ್ದಳು. "ಹೆಸರು ಇಡೂಕಿಂತ ಮೊದಲ ಅದು ಯಾರ ಮನೀದು ಅಂತ ಬರೀರಿ" ಎನ್ನುತ್ತಿದ್ದಳು.

ಅಂದು ಮಗಳು ಶಾರವ್ವನಿಗೆ ದಡಾರ ಎದ್ದಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಚಮಚದಿಂದ ಹಾಲು ಕುಡಿಸುತ್ತ, ಸಾವಿತ್ರೆವ್ವ ನೋಟುಬುಕ್ಕಿನಲ್ಲಿ ಖಾನೆಗಳ ಪಟ್ಟಿ ಮಾಡಿದ್ದಳು. ನೀರಿನ ಮಟ್ಟ: ಬೇರೆ ಬೇರೆ. ಮೋಟರಿನ ಬಿಸಿ: ಬೇರೆ ಬೇರೆ. 'ಒಳಗೆ' ಎಂಬಲ್ಲಿ ಬಂದಾಗ ಪೆನ್ನು ನಿಂತಿತು. ಯಾವ ಬಾವಿಯಲ್ಲಿ ಮನುಷ್ಯ ಇದ್ದರೂ ಎರಡೂ ಮೋಟರು ಸುಮ್ಮನಿರಲಿ, ಅದೇ ಒಳ್ಳೆಯದು ಅನ್ನಿಸಿತು. ಪಕ್ಕದ ಬಾವಿಯ ನೀರು ಅಲುಗಿದರೂ ಒಳಗಿದ್ದವನಿಗೆ ಅಪಾಯವೇ. 'ಇಬ್ಬರಿಗೂ ಒಂದೇ' ಎಂದು ಬರೆದಳು. ಬರೆದು, ಜಾಗರೂಕತೆಯ ಕೆಲಸ ಮಾಡಿದೆನೆಂದು ಸಮಾಧಾನಪಟ್ಟುಕೊಂಡಳು. ಒಳಗೆ ಎಷ್ಟು ಜನ ಎಂದು ಎಣಿಸಲು ಆ ಖಾನೆಗೆ ಹೇಳಿಕೊಡಲಿಲ್ಲ. ಒಂದು, ಇಲ್ಲವೆ ಸೊನ್ನೆ.

ಪೆಟ್ಟಿಗೆ ಕೂಡಿಸಿದ ದಿನ ಅವಳು ಒಂದೊಂದೇ ಬಾವಿಯ ಗುಂಡಿ ಒತ್ತಿ ನೋಡಿದ್ದಳು. ದೊಡ್ಡದರ ಕೆಂಪು, ದೊಡ್ಡದರ ಹಸಿರು. ಸಣ್ಣದರ ಕೆಂಪು, ಸಣ್ಣದರ ಹಸಿರು. ಎಲ್ಲ ಸರಿ.

ಬಸ್ಸಿನಲ್ಲಿ ಕಾಶಪ್ಪ ಸರ್ ಕಿಟಕಿಯ ಕಡೆ ಕೂತರು. ಅಮೀನಗಡ ದಾಟಿದ ಮೇಲೆ ಅವಳೇ ಹೇಳಿದಳು. ಪಟ್ಟಿಯನ್ನು, ಖಾನೆಯನ್ನು, ಅಕ್ಬರಸಾಬ ಮೇಲೆ ಬಂದು ಹಸಿರು ಒತ್ತಿದಾಗ ಹನಮಪ್ಪನ ಗುರುತೂ ಅದರ ಜೊತೆಗೇ ಅಳಿಸಿಹೋದದ್ದನ್ನು. ಅವರು ಕೇಳಿಸಿಕೊಂಡರು.

"ಖಾತ್ರಿ ಏನು?"

"ಒತ್ತಿ ನೋಡಿದ್ರ ಗೊತ್ತಾಕ್ಕೈತಿ ಸರ್. ಆದ್ರ ಖಾತ್ರಿ ಐತಿ."

"ನಾನೂ ಆ ಪಟ್ಟಿ ನೋಡಿ ಸಹಿ ಮಾಡೀನಿ" ಎಂದರು ಅವರು.

ಪಂಪ್‌ಹೌಸಿನಲ್ಲಿ ಒಬ್ಬ ಪೋಲೀಸಿನವನು ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದ. ಮೇನ್ ಸ್ವಿಚ್ಚು ತೆಗೆದಿದ್ದರು. ಪೆಟ್ಟಿಗೆಗೆ ಮಾತ್ರ ಬ್ಯಾಟರಿಯ ಕರೆಂಟಿತ್ತು. ಮೋಟರು ತಿರುಗುವುದಿಲ್ಲ, ಆದರೆ ಪೆಟ್ಟಿಗೆ ಮೋಟರು ಹಾಕಲು ಸಿದ್ಧವಾದರೆ ಅದರ ಮುಖದ ಮೇಲಿನ ದೀಪ ಹತ್ತುತ್ತದೆ. ದೊಡ್ಡ ಬಾವಿಗೊಂದು ದೀಪ, ಸಣ್ಣ ಬಾವಿಗೊಂದು. ಸಾವಿತ್ರೆವ್ವ ದೊಡ್ಡ ಬಾವಿಯ ಕೆಂಪು ಒತ್ತಿದಳು, ಎರಡೂ ದೀಪ ಆರಿದವು. ನಡೆದುಹೋಗಿ ಸಣ್ಣ ಬಾವಿಯ ಕೆಂಪು ಒತ್ತಿದಳು. ದೀಪ ಆರಿಯೇ ಇದ್ದವು. ಮತ್ತೆ ದೊಡ್ಡ ಬಾವಿಗೆ ಬಂದು ಹಸಿರು ಒತ್ತಿದಳು. ಎರಡೂ ಹತ್ತಿದವು.

ಸಣ್ಣ ಬಾವಿಯ ಕಟ್ಟೆಯ ಮೇಲೆ ಹನಮಪ್ಪನ ಚಪ್ಪಲಿ ಇನ್ನೂ ಇದ್ದವು.

ಕಾಶಪ್ಪ ಸರ್ ನೋಡಿದರು. ಪೋಲೀಸಿನವನೂ ನೋಡಿದ, ಅವನಿಗೆ ಏನೂ ತಿಳಿಯಲಿಲ್ಲ. "ಸರಿ ಐತೇನ್ರಿ ಸಾಹೇಬ್ರ?" ಎಂದು ಕೇಳಿದ. ಸರ್ "ನೋಡಾಕತ್ತೇವಿ" ಎಂದರು.

ಅಲ್ಲಿಂದ ಹುನಗುಂದಕ್ಕೆ ಬಂದು ಠಾಣೆಗೆ ಹೋದರು. ಫೌಜದಾರರು ಇಲಕಲ್ಲಿಗೆ ಹೋಗಿದ್ದರು, ನಾಳೆ ಮಧ್ಯಾಹ್ನ ಸಿಗುತ್ತಾರೆ ಎಂದರು. ನಾಳೆ ಸಂಜೆಯೊಳಗೆ ರಿಪೋರ್ಟ್ ಬಾರದಿದ್ದರೆ ಯಮನಪ್ಪನ ಮೇಲೆ ಕೊಲೆಯ ಕೇಸು ಹಾಕಿ ಜೈಲಿಗೆ ಕಳಿಸುತ್ತಾರಂತೆ. ಹವಾಲ್ದಾರ ಕನಿಕರದವನು, ಯಮನಪ್ಪನ ಜೊತೆ ಎರಡು ಮಾತಾಡಲು ಬಿಟ್ಟ.

ಯಮನಪ್ಪ ಸರಳಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬಲಗಿವಿ ಊದಿತ್ತು.

"ನಾ ಹಿಡಿಕಿ ಜಗ್ಗಿದ್ದು ಖರೆ ಅಕ್ಕೋರ. ಚಾಲೂ ಮಾಡಾಕಲ್ಲ, ಬಂದ್ ಮಾಡಾಕ. ಮೋಟರ್ ಚಾಲೂ ಆಗೂ ಮುಂದ ಪೆಟಿಗಿ ಬಡ್ಯೂ ಗಂಟಿ ಬಡೀತು, ಎರಡೂ ಮೋಟರ್ ಗುಂಯ್ ಅಂದ್ವು. ಅಕ್ಬರಸಾಬ ದೊಡ್ಡ ಬಾವಿ ಕಡೆಯಿಂದ ಒದರಕೋತ ಓಡಿ ಬಂದ, ಹನಮ್ಯಾ ಒಳಗದಾನ ಅಂತ. ನಾ ಹಿಡಿಕಿಗೆ ಜೋತುಬಿದ್ದೆ. ಬಂದವರು ನನ್ನ ಕೈ ನೋಡಿದ್ರು."

"ಹನಮಪ್ಪನ ಜೋಡಿ ನಿಂದೇನೋ ಜಗಳ ಇತ್ತಂತಲ್ಲ, ಏನದು?" ಎಂದರು ಕಾಶಪ್ಪ ಸರ್.

"ನೀರಿನ ಪಾಳೀದು. ಚಾದಂಗಡ್ಯಾಗ ಬೈದಾಡಿದ್ವಿ. ನಿನ್ನ ಅದ ನೀರಾಗ ಮುಳುಗಸ್ತೇನಿ ಮಗನ ಅಂದಿದ್ದೆ. ಅಂವ ನಕ್ಕೋತ, ನಿನಗ ಈಸಾಕ ಬರಾಂಗಿಲ್ಲಲೇ, ಮೊದಲ ಕಲ್ತು ಬಾ ಅಂದ. ಊರಿನವರಿಗೆ ನಾ ಅಂದದ್ದು ನೆನಪೈತಿ, ಅಂವ ನಕ್ಕದ್ದು ನೆನಪಿಲ್ಲ." ಅವನು ಊದಿದ ಕಿವಿಯನ್ನು ಮುಟ್ಟಿ ನೋಡಿಕೊಂಡ. "ರುಮಾಲು ಸುತ್ತೂದು ಬಿಡಬಾರದಿತ್ರಿ. ಪೆಟಿಗಿ ನೆನಪಿಟ್ಕೊಂತೈತಿ, ಅರಿವಿ ಇಲ್ಲಿ ಜೋತಾಡಿದ್ರ ಹಿಡಿಕಿ ಅಡಕಾಕ್ಕೈತಿ ಅಂತ ನೀವ ತಗಿಸಿದ್ರಿ. ನಿಮಗ ಅನ್ನಾಕತ್ತಿಲ್ಲ. ನೀವು ಕಲ್ತವರು."

ಸಾವಿತ್ರೆವ್ವ ಏನೋ ಹೇಳಲು ಬಾಯಿ ತೆರೆದಳು. ಕಾಶಪ್ಪ ಸರ್ ಅವಳಿಗಿಂತ ಮೊದಲೇ, "ನಾಳೆ ಬರ್ತೇವಿ" ಎಂದು ಹೊರಟುಬಿಟ್ಟರು.

ತಿರುಗಿ ಬರುವ ಬಸ್ಸಿನಲ್ಲಿ ಅವರು ನಿಧಾನವಾಗಿ ಹೇಳಿದರು. "ಚಿಪ್ ತಗೊಂಡು ಬಂದೀನಿ, ಕಿಸೇದಾಗ ಐತಿ. ಲ್ಯಾಬಿನ ನೇರಳೆ ದೀಪದಾಗ ಹಿಡದು ಹಳೇ ಪ್ರೋಗ್ರಾಮ್ ಅಳಿಸಿ, ತಿದ್ದಿ ಬರದ್ರ ಎಷ್ಟೊತ್ತಿನ ಕೆಲಸ?"

"ಬರಿಯೂದು ಇಪ್ಪತ್ತು ನಿಮಿಷ. ಅಳಸಾಕ ಅರ್ಧ ತಾಸು."

"ನಾಳೆ ಫೌಜದಾರ್ರ ಮುಂದ ಒತ್ತಿ ತೋರಸೂಣು. ಸರಿ ಇರತೈತಿ. ನಾವು ಸುಳ್ಳು ಹೇಳಿದಂಗೂ ಆಗಾಂಗಿಲ್ಲ, ಪೆಟಿಗಿ ಸರಿ ಐತಿ ಅಂತೇವಿ, ಇರತೈತಿ. ಇನ್ನ ಯಾರೂ ಸಾಯಾಂಗಿಲ್ಲ."

"ಯಮನಪ್ಪ?"

"ವಕೀಲನ್ನ ಇಡತಾನ. ಸಾಕ್ಷಿ ಗಟ್ಟಿ ಇಲ್ಲ, ಬಿಡತಾರ."

"ಎಷ್ಟು ವರ್ಷಕ್ಕ ಸರ್?"

ಅವರು ಕಿಸೆಯಿಂದ ಬೆಂಕಿಪೊಟ್ಟಣದಂಥ ಸಣ್ಣ ಡಬ್ಬಿ ತೆಗೆದು ಅವಳ ಅಂಗೈಯಲ್ಲಿಟ್ಟರು. "ಜನವರಿಯಾಗ ನಿನ್ನ ಪರ್ಮನೆಂಟಿನ ಕಾಗದ ಮ್ಯಾಲ ಹೋಗತೈತಿ. ನಾ ರಿಟಾಯರ್ಡ್ ಆಗಾಕ ಎರಡು ವರ್ಷ ಐತಿ. ನಾ ಕೆಟ್ಟ ಮನಷ್ಯಾ ಅಲ್ಲ ಸಾವಿತ್ರೆವ್ವ. ನೀ ವಿಚಾರ ಮಾಡು."

ಅವಳಿಗೆ ಗೊತ್ತಿತ್ತು, ಅವರು ಕೆಟ್ಟವರಲ್ಲ. ಅವಳಿಗೆ ಹೆರಿಗೆಯಾದಾಗ ಮೂರು ತಿಂಗಳು ಅವಳ ಕ್ಲಾಸುಗಳನ್ನು ತಾವೇ ತೆಗೆದುಕೊಂಡು ರಜೆ ಕೊಡಿಸಿದವರು.

ಮರುದಿನ ಗುರುವಾರ. ಸಾವಿತ್ರೆವ್ವ ನಸುಕಿನಲ್ಲೆದ್ದು ಅಂಗಳ ಗುಡಿಸಿದಳು, ಮಗಳಿಗೆ ಜಡೆ ಹಾಕಿದಳು, ಬೇಳೆ ಕುದಿಯಲು ಇಟ್ಟು ಅದರ ಪಕ್ಕದಲ್ಲೇ ಕೂತು ಕಾಗದದ ಮೇಲೆ ಬರೆದಳು. ಗಂಡ ಗದಗಿನಲ್ಲಿ ನೌಕರಿ, ಶನಿವಾರ ಬರುವವನು. ಸಿದ್ದವ್ವ ಬೆಳ್ಳುಳ್ಳಿ ಸುಲಿಯುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದಳು.

"ಅಷ್ಟುದ್ದ ಏನ ಬರೀತಿ? ಗಂಡಗೇನ?"

"ಅಲ್ರಿ ಅತ್ತಿ. ಒಬ್ಬಾಂವ ಸತ್ತಾನಲ್ಲ, ಅದು ನನ್ನಿಂದ ಆಗೈತಿ. ಅದನ್ನ ಬರ್ಯಾಕತ್ತೇನಿ."

ಸಿದ್ದವ್ವನ ಕೈ ನಿಂತಿತು. ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀ ಬಾಗಲಕೋಟ್ಯಾಗ ಇದ್ದಿ, ಅಂವ ಹೊಳಿದಂಡ್ಯಾಗ ಸತ್ತ. ಹೆಂಗ ನಿನ್ನಿಂದ?"

ಸಾವಿತ್ರೆವ್ವ ಹೇಳಿದಳು. ಚಿಪ್ಪು, ಖಾನೆ ಏನೂ ಅನ್ನದೆ ಹೇಳಿದಳು. ಇಬ್ಬರು ಒಳಗಿದ್ದರು, ನಾನು ಒಬ್ಬನನ್ನೇ ನೆನಪಿಡಲು ಹೇಳಿದ್ದೆ, ಒಬ್ಬ ಹೊರಗೆ ಬಂದ ಕೂಡಲೇ ಯಾರೂ ಇಲ್ಲವೆಂದು ತಿಳಿಯಿತು.

"ನೌಕರಿ ಹೋಗತೈತೇನು?"

"ಹೋಗಬಹುದು."

"ಜೇಲು?"

"ಗೊತ್ತಿಲ್ರಿ."

ಸಿದ್ದವ್ವ ಬಹಳ ಹೊತ್ತು ಬೆಳ್ಳುಳ್ಳಿಯ ಸಿಪ್ಪೆಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತ ಕೂತಳು. "ನನಗ ಕೇಳಿದ್ರ ಬ್ಯಾಡ ಅಂತೇನಿ. ಅದಕ್ಕ ನನ್ನ ಕೇಳಬ್ಯಾಡ" ಎಂದಳು. ಎದ್ದುಹೋಗಿ ಎರಡು ರೊಟ್ಟಿಗೆ ಪಲ್ಯ ಹಚ್ಚಿ, ಅರಿವೆಯಲ್ಲಿ ಕಟ್ಟಿ ಸೊಸೆಯ ಚೀಲದಲ್ಲಿ ಹಾಕಿದಳು.

ಪಾಲಿಟೆಕ್ನಿಕ್ಕಿಗೆ ಹೋಗಿ ಕಾಶಪ್ಪ ಸರ್ ಮೇಜಿನ ಮೇಲೆ ಕಾಗದದ ಪ್ರತಿ ಇಟ್ಟಳು. ಚಿಪ್ಪಿನ ಡಬ್ಬಿಯನ್ನು ತೆರೆದು ತೋರಿಸಿದಳು. ಮುಟ್ಟಿರಲಿಲ್ಲ.

ಅವರು ಓದಿದರು. ಕನ್ನಡಕ ತೆಗೆದು ಇಟ್ಟರು. "ನಾ ಬರಾಂಗಿಲ್ಲ. ನಿನ್ನ ತಡಿಯಾಂಗೂ ಇಲ್ಲ. ಅಷ್ಟ ನನ್ನ ಕಡಿಂದ ಆಗೂದು." ಅವಳು ಬಾಗಿಲಿಗೆ ಬಂದಾಗ ಮತ್ತೆ ಕರೆದು, "ಚಿಪ್ಪಿನ ಕಾಲು ಬಾಗ್ಯಾವ ನೋಡು, ಕೂಡಸೂವಾಗ ಹಗರ್ಕ ಕೂಡಸು" ಎಂದರು.

ಫೌಜದಾರರು ಮಧ್ಯವಯಸ್ಸಿನವರು, ಬಿಸಿಲಿಗೆ ಬೇಸತ್ತವರು. ಕಾಗದವನ್ನು ಎರಡು ಸಲ ಓದಿದರು, ತಿಳಿಯಲಿಲ್ಲ. "ಮೇಡಂ, ನಿಮ್ಮ ಪೆಟಿಗಿ ಸರಿ ಐತೋ ಇಲ್ಲೋ, ಒಂದ ಮಾತಿನ್ಯಾಗ ಹೇಳ್ರಿ."

"ಇಲ್ರಿ. ತೋರಸ್ತೇನಿ, ಬರ್ರಿ."

ಜೀಪಿನಲ್ಲಿ ಹೋದರು. ಅಕ್ಬರಸಾಬನನ್ನು ಕರೆಸಿದರು. ಐವತ್ತರ ಮನುಷ್ಯ, ಎರಡು ದಿನದಲ್ಲಿ ಎಪ್ಪತ್ತಾಗಿದ್ದ. ಸಾವಿತ್ರೆವ್ವ ಚಿಪ್ಪನ್ನು ಅದರ ಜಾಗದಲ್ಲಿ ಕೂಡಿಸಿದಳು. ಕಾಲು ಬಾಗಿದ್ದರಿಂದ ಎರಡು ಸಲ ತಪ್ಪಿತು.

ಅವಳು ತಾನೇ ಒತ್ತಬೇಕೆಂದಿದ್ದಳು. ಫೌಜದಾರರು ಬೇಡವೆಂದರು. "ಅವತ್ತ ಯಾರು ಒತ್ತಿದ್ರೋ ಅವರ ಒತ್ತಲಿ. ಅಕ್ಬರಸಾಬ, ಅವತ್ತ ಮಾಡಿದಂಗ ಮಾಡಪಾ. ಹನಮಪ್ಪಂದು ನಮ್ಮ ಹವಾಲ್ದಾರ ಒತ್ತತಾನ."

ಅಕ್ಬರಸಾಬ ದೊಡ್ಡ ಬಾವಿಯ ಕೆಂಪು ಒತ್ತಿದ. ದೀಪ ಆರಿದವು. ಹವಾಲ್ದಾರ ಸಣ್ಣ ಬಾವಿಯ ಕೆಂಪು ಒತ್ತಿದ. "ಆಮ್ಯಾಲೆ?" ಎಂದರು ಫೌಜದಾರರು.

"ಕಾಲು ತಾಸಿನ ಮ್ಯಾಲೆ ನಾ ಹತ್ತಿ ಬಂದೆರಿ. ಇದನ್ನ ಒತ್ತಿದೆ." ಅವನು ಹಸಿರು ಒತ್ತಿದ.

ಎರಡೂ ದೀಪ ಹತ್ತಿದವು.

ಫೌಜದಾರರು ಸಣ್ಣ ಬಾವಿಯ ದೀಪದ ಹತ್ತಿರ ಹೋಗಿ ಬಗ್ಗಿ ನೋಡಿದರು. "ಹನಮಪ್ಪ ಇನ್ನೂ ಒಳಗದಾನ?"

"ಹೌದ್ರಿ. ಆದ್ರ ಪೆಟಿಗಿ ಯಾರೂ ಇಲ್ಲ ಅನ್ನಾಕತ್ತೈತಿ. ಇಬ್ಬರಿಗೂ ಒಂದ ಗುರ್ತು ಇಟ್ಟಿದ್ದೆ. ಮೊದಲ ಬಂದವರು ಅದನ್ನ ಅಳಿಸಿದ್ರು. ಯಮನಪ್ಪ ಬಂದ್ ಮಾಡಾಕ ಹೋಗಿದ್ದ, ಅಂವಂದೇನೂ ತಪ್ಪಿಲ್ರಿ. ಹಂಗ ಬರದಾಕಿ ನಾನು."

ಫೌಜದಾರರು ಮತ್ತೊಮ್ಮೆ ಮಾಡಿಸಿದರು. ಮೂರನೇ ಸಲವೂ ಮಾಡಿಸಿದರು. ಮೂರು ಸಲವೂ ಅಕ್ಬರಸಾಬನೇ ಹಸಿರು ಒತ್ತಬೇಕಾಯಿತು. ಮೂರನೇ ಸಲ ಒತ್ತಿದವನು ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ.

ಯಮನಪ್ಪನನ್ನು ಬಿಡಿಸುವುದಷ್ಟೇ ಸಾವಿತ್ರೆವ್ವನ ತಲೆಯಲ್ಲಿತ್ತು. ಇದು ಇವನ ಮೇಲೆ ಬೀಳುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಹಂಗಾದ್ರ ನಾನ ಕೊಂದಂಗಾತ್ರಿ ಅಕ್ಕೋರ" ಎಂದ ಅಕ್ಬರಸಾಬ.

"ಅಲ್ಲ ಅಕ್ಬರಸಾಬ. ಬಂದ ಮ್ಯಾಲೆ ಒತ್ತು ಅಂತ ನಿನಗ ಹೇಳಿದಾಕಿ ನಾನು. ಒತ್ತಿದ್ದು ನಿನ್ನ ತಪ್ಪಲ್ಲ."

"ಅದು ಖರೆ." ಅವನು ಬೆರಳು ತೆಗೆದು ಅದನ್ನೇ ನೋಡಿದ. "ಇಲ್ಲೀತನಕ ಯಮನ್ಯಾ ಮಾಡ್ಯಾನ ಅಂತ ತಿಳಕೊಂಡಿದ್ದೆ. ಅವನ ಮನಿ ಕದಾ ಮುರಿಯೂವಾಗ ನಾನೂ ಒಂದು ಕಲ್ಲು ಒಗದೀನಿ." ಆಮೇಲೆ ಹೊಳೆಯ ಕಡೆ ಇಳಿದು ಹೋಗಿ ಬೆನ್ನು ಹಾಕಿ ಕೂತ. ಹವಾಲ್ದಾರ ಅವನನ್ನು ನೋಡಿಕೊಳ್ಳಲು ಅಲ್ಲೇ ನಿಂತ.

ಠಾಣೆಯಲ್ಲಿ ಜವಾಬು ಬರೆಸಿಕೊಂಡರು. ಮೂರು ಪುಟ. ಮುಂದೇನಾಗುತ್ತದೆಂದು ಫೌಜದಾರರಿಗೂ ಗೊತ್ತಿರಲಿಲ್ಲ. "ಇಂಥಾ ಕೇಸು ನಾ ನೋಡಿಲ್ಲ ಮೇಡಂ. ಮ್ಯಾಲ ಕಳಸ್ತೇನಿ. ಕರದಾಗ ಬರಬೇಕು. ಊರು ಬಿಟ್ಟು ಹೋಗಬ್ಯಾಡ್ರಿ." ಅವಳು ಸಹಿ ಮಾಡಿದಳು. ಯಮನಪ್ಪನನ್ನು ಬಿಟ್ಟರು.

ಹೊರಗೆ ಬಂದ ಯಮನಪ್ಪ ಬೇವಿನ ಗಿಡದ ಕೆಳಗೆ ನಿಂತ. ಊರ ಕಡೆ ಹೆಜ್ಜೆ ಇಡಲಿಲ್ಲ.

"ನಡಿ ಯಮನಪ್ಪಾ."

"ಎಲ್ಲಿಗೆ ಹೋಗಲ್ರಿ? ಹೆಣ್ತಿ ರಾಮವ್ವ ಹುಡ್ರನ್ನ ಕರಕೊಂಡು ತವರಿಗೆ ಹೋಗ್ಯಾಳ. ಮನಿಗಿ ಕದಾ ಇಲ್ಲ. ಹನಮಪ್ಪನ ಹೆಣ್ತಿ ಸಕ್ರವ್ವನ ತಮ್ಮಗೋಳು ಇಲಕಲ್ಲಿಂದ ಬಂದು ಕುಂತಾರ. ಫೌಜದಾರ್ರು ಬಿಟ್ರ ಊರು ಬಿಡತೈತೇನು? ರೊಕ್ಕಾ ತಿಂದು ಬಿಟ್ಟಾರ ಅಂತಾರ." ಆಮೇಲೆ, "ನೀವು ಬಂದು ಸಕ್ರವ್ವಗ ಹೇಳ್ರಿ. ನಿಮ್ಮ ಬಾಯಿಂದ ಕೇಳಿದ್ರ ನಂಬತಾಳ" ಎಂದ.

ಅವಳು ಅದಕ್ಕೇ ಹೆದರಿದ್ದಳು. ಹೋದಳು. ಯಮನಪ್ಪ ಊರ ಹೊರಗೆ ನಿಂತ.

ಅಂದು ಹನಮಪ್ಪನಿಗೆ ಮೂರನೇ ದಿನ. ಮಣ್ಣು ಕೊಟ್ಟಲ್ಲಿ ಹಾಲು ತುಪ್ಪ ಹಾಕಿ ಬಂದ ಜನ ಪಡಸಾಲೆಯಲ್ಲಿ ಇನ್ನೂ ಕೂತಿದ್ದರು. ಸಕ್ರವ್ವನಿಗೆ ಮೂವತ್ತೂ ಆಗಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು, ಬರಿಗೈ. ಇಬ್ಬರು ತಮ್ಮಂದಿರು ಬಾಗಿಲ ಹತ್ತಿರ.

ಸಾವಿತ್ರೆವ್ವ ಅವಳೆದುರು ನೆಲದ ಮೇಲೆ ಕೂತಳು. ತಾನು ಯಾರೆಂದು ಹೇಳಿದಳು. ಬೆಳಿಗ್ಗೆ ಅತ್ತೆಗೆ ಹೇಳಿದಂತೆಯೇ ಹೇಳಬೇಕೆಂದಿದ್ದಳು, ಆದರೆ ಮಾತು ಸಾಲಾಗಿ ಬರಲಿಲ್ಲ. ಕೊನೆಯದು ಮೊದಲು ಬಂತು, ಮೊದಲಿನದು ಕೊನೆಗೆ. ಯಮನಪ್ಪ ಮಾಡಿಲ್ಲ, ನನ್ನ ಪೆಟ್ಟಿಗೆ ಮಾಡಿತು, ಅದಕ್ಕೆ ಇಬ್ಬರನ್ನು ನೆನಪಿಡುವುದನ್ನು ನಾನು ಕಲಿಸಿರಲಿಲ್ಲ.

ಹಿರಿಯ ತಮ್ಮ ಎದ್ದು ನಿಂತ. "ಯಮನಪ್ಪನ ಕಡೆಯವರು ಕಳಿಸ್ಯಾರೇನ ನಿಮ್ಮನ್ನ?"

"ಕುಂಡ್ರೋ" ಎಂದಳು ಸಕ್ರವ್ವ. "ನಾನ ಕೆಟ್ಟ ಮಾಡೀನಿ ಅಂತ ರೊಕ್ಕಾ ತಗೊಂಡು ಯಾರರ ಹೇಳತಾರೇನು?" ಆಮೇಲೆ ಸಾವಿತ್ರೆವ್ವನ ಕಡೆ ತಿರುಗಿದಳು. "ನಮ್ಮವರು ಆ ಕೆಂಪು ಗುಂಡಿ ಒತ್ತಿದ್ರೇನು? ಮರೆತು ಇಳದಿದ್ರೇನು? ಇಲ್ಲಿ ಮಂದಿ ಹಂಗೂ ಅಂತಾರ, ಕುಡುದಿದ್ದ ಅಂತಾರ."

"ಒತ್ತಿದ್ರು. ಅಕ್ಬರಸಾಬ ಕಣ್ಣಾರೆ ನೋಡ್ಯಾನ. ಅವರ ಕಡಿಂದ ಏನೂ ತಪ್ಪಾಗಿಲ್ಲ."

"ಒತ್ತಿದಾಗ ನಿಮ್ಮ ಪೆಟಿಗಿಗೆ ತಿಳೀತು?"

"ತಿಳೀತು."

"ಎಷ್ಟೊತ್ತು ನೆನಪಿಟ್ಟಿತ್ತು?"

"ಅಂದಾಜು... ಕಾಲು ತಾಸು."

ಸಕ್ರವ್ವ ತಲೆಯಾಡಿಸಿದಳು. ಪಡಸಾಲೆಯಲ್ಲಿ ಯಾರೋ ಮುದುಕಿ ಅಳಲು ಶುರುಮಾಡಿದಳು, ಇನ್ನೊಬ್ಬಳು ಅವಳನ್ನು ಸುಮ್ಮನಿರಿಸಿದಳು.

"ಅಕ್ಬರಸಾಬಗ ಗೊತ್ತೈತೇನು, ಅಂವ ಒತ್ತಿದ್ದಕ್ಕ ಆತು ಅಂತ?"

"ಗೊತ್ತೈತಿ. ಹೊಳಿ ದಂಡ್ಯಾಗ ಕುಂತಾನ."

"ನೋಡ್ರೋ" ಎಂದು ತಮ್ಮಂದಿರಿಗೆ ಹೇಳಿದಳು. "ಒಬ್ಬಾಂವ ಹೋಗಿ ಅಕ್ಬರಸಾಬನ್ನ ಎಬ್ಬಿಸಿ ಅವನ ಮನಿಗಿ ಮುಟ್ಟಿಸಿ ಬರ್ರಿ, ಅವನ ಹೆಣ್ತಿ ಅಮೀನಬಿ ಕೈಯಾಗ ಕೊಟ್ಟು ಬರ್ರಿ. ಹೊಳಿ ಬಲ್ಲೆ ಒಬ್ಬನ್ನ ಬಿಡಬ್ಯಾಡ್ರಿ. ಇನ್ನೊಬ್ಬಾಂವ ಯಮನಪ್ಪನ ಮನಿ ಕದಾ ಕೂಡಸು. ಮುರದವರು ನೀವ ಅಲ್ಲೇನು?"

ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯವನು ಸಾವಿತ್ರೆವ್ವನನ್ನು ದುರುಗುಟ್ಟಿ ನೋಡಿ ಹೊರಗೆ ಹೋದ. ಕಿರಿಯವನು ಅವನ ಹಿಂದೆ ಹೋದ.

ಸಾವಿತ್ರೆವ್ವ ಕೈ ಮುಂದೆ ಮಾಡಿದಳು, ಸಕ್ರವ್ವನ ಕೈ ಹಿಡಿಯಲೆಂದು. ಸಕ್ರವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಹೇಳಾಕ ಬಂದ್ರಿ, ಹೇಳಿದ್ರಿ. ಯಮನಪ್ಪನ ಮಕ್ಕಳು ಉಳಕೊಂಡ್ವು. ಚೊಲೋ ಆತು" ಎಂದಳು. ಸಿಟ್ಟಿನಿಂದ ಅಂದದ್ದಲ್ಲ, ದಣಿದು ಅಂದದ್ದು. "ನನಗ ಇನ್ನ ನಿಮ್ಮ ಮುಖ ನೋಡೂದು ಆಗಾಂಗಿಲ್ರಿ. ಈ ಮನಿಗಿ ಇನ್ನೊಮ್ಮ ಬರಬ್ಯಾಡ್ರಿ."

ಸಾವಿತ್ರೆವ್ವ ಎದ್ದಳು. ಹೊಸ್ತಿಲ ಹೊರಗೆ ಹತ್ತಾರು ಜೊತೆ ಚಪ್ಪಲಿ ಒಂದರ ಮೇಲೊಂದು ಬಿದ್ದಿದ್ದವು. ತನ್ನದೊಂದು ಸಿಕ್ಕಿತು, ಇನ್ನೊಂದು ಕಣ್ಣಿಗೆ ಬೀಳಲಿಲ್ಲ. ಬಗ್ಗಿ ಹುಡುಕುತ್ತ ನಿಲ್ಲಲು ಅವಳಿಂದಾಗಲಿಲ್ಲ. ಸಿಕ್ಕ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಬಸ್ಸಿನ ದಾರಿ ಹಿಡಿದಳು.